ಮಾಜಿ ಸೈನಿಕರ ತಲೆನೋವಿನ ಕ್ಲೇಮ್: ಓದುಗರು ಕೇಳಿದ್ದು, ನಾವು ಹೇಳಿದ್ದು

ಅಮೆರಿಕದ ಸೈನ್ಯದಲ್ಲಿ ಸೇವೆ ಮಾಡಿ ಬಂದವರಿಗೆ ಅಲ್ಲಿನ ವೆಟರನ್ಸ್ ಅಫೇರ್ಸ್ ಇಲಾಖೆ, ಎಲ್ಲರೂ ವಿಎ ಅಂತ ಕರೆಯುವುದು, ಕೊಡುವ ಅಂಗವೈಕಲ್ಯ ಪರಿಹಾರದ ಬಗ್ಗೆ ಹೋದ ಸಂಚಿಕೆಯಲ್ಲಿ ಬರೆದಿದ್ದೆವು. ಆಮೇಲೆ ಬಂದ ಪತ್ರಗಳಲ್ಲಿ ಮೈಗ್ರೇನ್ ಬಗ್ಗೆ ಕೇಳಿದವರೇ ಜಾಸ್ತಿ. ಕಾಲು ಹೋದರೆ ಕಾಣುತ್ತೆ, ಕಿವಿ ಹೋದರೆ ಪರೀಕ್ಷೆಯಲ್ಲಿ ಗೊತ್ತಾಗುತ್ತೆ. ತಲೆನೋವನ್ನು ಯಾರಿಗೆ ಹೇಗೆ ತೋರಿಸೋದು? ಹೆಚ್ಚು ಕಡಿಮೆ ಎಲ್ಲ ಪತ್ರಗಳ ಒಳಗೂ ಇದೇ ಪ್ರಶ್ನೆ ಇದೆ. ಅದಕ್ಕೇ ಈ ಸಲದ ಅಂಕಣ ಪೂರ್ತಿ ಅದಕ್ಕೇ ಬಿಟ್ಟಿದ್ದೇವೆ.

ಪ್ರಶ್ನೆ: ನನ್ನ ಯಜಮಾನರು ಆರ್ಮಿಯಲ್ಲಿದ್ದರು. ಇರಾಕ್‌ನಲ್ಲಿ ರಸ್ತೆ ಬದಿ ಬಾಂಬ್ ಸಿಡಿದಾಗ ಇವರ ಗಾಡಿ ಅದರ ಹಿಂದೆಯೇ ಇತ್ತಂತೆ. ಆವತ್ತಿನಿಂದ ತಲೆನೋವು ಬಿಟ್ಟಿಲ್ಲ. ತಿಂಗಳಿಗೆ ಮೂರ್ನಾಲ್ಕು ಸಲ ಕಿಟಕಿಗೆಲ್ಲ ಪರದೆ ಎಳೆದು, ಬಾಗಿಲು ಹಾಕಿಕೊಂಡು ಮಲಗಿಬಿಡುತ್ತಾರೆ. ಕ್ಲೇಮ್ ಹಾಕಿದೆವು. ಮೈಗ್ರೇನ್ ಸೇವೆಯಲ್ಲೇ ಬಂದದ್ದು ಅಂತ ವಿಎ ಒಪ್ಪಿದೆ, ಆದರೆ ರೇಟಿಂಗ್ 0 ಪರ್ಸೆಂಟ್. ಒಪ್ಪಿಕೊಂಡು ಸೊನ್ನೆ ಕೊಡೋದು ಅಂದ್ರೆ ಏನು? ಇತ್ತೀಚೆಗೆ ನೋವು ಬಂದಾಗ ‘ಯಾಕಾದ್ರೂ ಬದುಕಿ ಬಂದೆನೋ’ ಅಂತಾರೆ. ನನಗೆ ಭಯ ಆಗುತ್ತೆ.
— ಒಬ್ಬ ಓದುಗರು, ಟೆಕ್ಸಸ್

ಉತ್ತರ: ಅಮ್ಮಾ, ನಿಮ್ಮ ಕೊನೆಯ ಮಾತಿನಿಂದಲೇ ಶುರು ಮಾಡ್ತೀನಿ. ಅದನ್ನು ನೋವಿನಲ್ಲಿ ಆಡಿದ ಮಾತು ಅಂತ ಬಿಡಬೇಡಿ. 988ಕ್ಕೆ ಫೋನ್ ಮಾಡಿ 1 ಒತ್ತಿದರೆ ಮಾಜಿ ಸೈನಿಕರಿಗೆ ಅಂತಲೇ ಇರುವ ಸಹಾಯವಾಣಿ ಸಿಗುತ್ತೆ, ಹಗಲು ರಾತ್ರಿ ಯಾವಾಗ ಬೇಕಾದರೂ. ಅವರೇ ಮಾಡಬೇಕು ಅಂತಿಲ್ಲ, ನೀವೂ ಮಾಡಬಹುದು. ವಿಎ ಆಸ್ಪತ್ರೆಯಲ್ಲಿ ಹೆಸರು ನೋಂದಾಯಿಸಿರಬೇಕು ಅಂತಲೂ ಇಲ್ಲ. ಈ ಪತ್ರಿಕೆ ಮುಚ್ಚಿಟ್ಟು ಮೊದಲು ಅದನ್ನು ಮಾಡಿ. ಕ್ಲೇಮ್ ಎರಡು ದಿನ ಕಾಯುತ್ತೆ.

ಈಗ ಸೊನ್ನೆಯ ವಿಷಯ. ರೇಟಿಂಗ್ ಅಂದರೆ ಕಾಯಿಲೆ ಎಷ್ಟು ತೀವ್ರ ಅಂತ ವಿಎ ಹಾಕುವ ಪರ್ಸೆಂಟ್, ಪರಿಹಾರದ ಹಣ ಅದರ ಮೇಲೆ. ಸೊನ್ನೆ ಅಂದರೆ ನಿಮ್ಮ ಅರ್ಜಿ ಬಿದ್ದುಹೋಯಿತು ಅಂತ ಅಲ್ಲ. ಈ ಕಾಯಿಲೆ ಸೇವೆಯಿಂದ ಬಂದದ್ದು ಅಂತ ಒಪ್ಪಿಸುವುದೇ ಹೆಚ್ಚಿನವರಿಗೆ ದೊಡ್ಡ ಕಷ್ಟ, ಅದು ನಿಮಗೆ ಆಗಿಹೋಗಿದೆ. ಮೈಗ್ರೇನ್‌ಗೆ ವಿಎನಲ್ಲಿ ಚಿಕಿತ್ಸೆಗೆ ದುಡ್ಡು ಕೊಡಬೇಕಾಗಿಲ್ಲ. ಇನ್ನು ಉಳಿದಿರುವುದು ಒಂದೇ, ಅದು ಎಷ್ಟು ತೀವ್ರ ಅಂತ ತೋರಿಸುವುದು.

ವಿಎ ಮೈಗ್ರೇನ್ ಅಳೆಯುವುದು 8100 ಅನ್ನುವ ಕೋಡ್‌ನಡಿ. ನಾಲ್ಕೇ ಮೆಟ್ಟಿಲು: 0, 10, 30, 50. ಅದಕ್ಕಿಂತ ಮೇಲೆ ಮೈಗ್ರೇನ್‌ಗೆ ಆ ಪಟ್ಟಿಯಲ್ಲಿ ಜಾಗವೇ ಇಲ್ಲ. ಈ ಮೆಟ್ಟಿಲುಗಳಲ್ಲಿ ಎಲ್ಲೂ ‘ನೋವು ಹತ್ತಕ್ಕೆ ಎಷ್ಟು’ ಅಂತ ಕೇಳಿಲ್ಲ. ಅಲ್ಲಿ ಲೆಕ್ಕಕ್ಕೆ ಬರುವುದು ಪ್ರಾಸ್ಟ್ರೇಟಿಂಗ್ ಅಟ್ಯಾಕ್, ಅಂದರೆ ಮನುಷ್ಯ ಕೈಲಾಗದೆ, ಮಾಮೂಲಿ ಕೆಲಸ ಯಾವುದೂ ಮಾಡಲಾಗದೆ ಹಾಸಿಗೆ ಹಿಡಿಯುವಂಥ ದಾಳಿ. ಕಳೆದ ಹಲವು ತಿಂಗಳಲ್ಲಿ ಸರಾಸರಿ ಎರಡು ತಿಂಗಳಿಗೊಂದು ಇಂಥ ದಾಳಿ ಆಗಿದ್ದರೆ 10 ಪರ್ಸೆಂಟ್. ತಿಂಗಳಿಗೊಂದು ಆಗಿದ್ದರೆ 30. ತುಂಬಾ ಸಲ ಆಗಿ, ಪೂರ್ತಿ ನೆಲಕಚ್ಚಿಸಿ, ತುಂಬಾ ಹೊತ್ತು ಎಳೆದು, ದುಡಿಮೆಗೇ ಗಂಭೀರವಾದ ಪೆಟ್ಟು ಕೊಡುವಂತಿದ್ದರೆ 50. ಎರಡು ತಿಂಗಳಿಗೊಂದಕ್ಕಿಂತಲೂ ಅಪರೂಪಕ್ಕೆ ಬರುವುದೆಲ್ಲ 0.

ಈಗ ನಿಮ್ಮ ಯಜಮಾನರ ಆಸ್ಪತ್ರೆ ದಾಖಲೆ ತೆಗೆದು ನೋಡಿ. ‘ಆಗಾಗ ತಲೆನೋವು, ಮಾತ್ರೆ ತಗೋತಾರೆ’ ಅಂತಷ್ಟೇ ಇರಬಹುದು. ಅಂಥ ಸಾಲನ್ನು ನೂರು ಸಲ ಬರೆದರೂ ಅದು 0. ಆ ದಿನ ಮಲಗಿದರು, ಎದ್ದು ನಿಲ್ಲಲಾಗಲಿಲ್ಲ ಅನ್ನುವುದು ಕಾಗದದ ಮೇಲೆ ಎಲ್ಲೂ ಇಲ್ಲದಿದ್ದರೆ ರೇಟಿಂಗ್ ಕೊಡುವವರು ಅದನ್ನು ಊಹಿಸಿಕೊಳ್ಳುವುದಿಲ್ಲ. ನಿಮ್ಮ ಮನೆಯ ಮುಚ್ಚಿದ ಬಾಗಿಲು ಅವರಿಗೆ ಕಾಣುವುದಿಲ್ಲ, ಅಲ್ವಾ? ಅದನ್ನು ಕಾಣಿಸಬೇಕಾದವರು ನೀವಿಬ್ಬರೇ.

ಅದಕ್ಕೆ ಡೈರಿ ಇಡಿ. ದೊಡ್ಡದೇನೂ ಬೇಡ, ಗೋಡೆಯ ಕ್ಯಾಲೆಂಡರ್ ಸಾಕು, ಫೋನ್ ಆದರೂ ಸರಿ. ಒಂದು ದಾಳಿಗೆ ಒಂದು ಸಾಲು, ಹೀಗೆ: ‘ಮಂಗಳವಾರ ಮಧ್ಯಾಹ್ನ 2ಕ್ಕೆ ಶುರು, ಎಡಗಣ್ಣಿನ ಹಿಂದೆ. ಆಫೀಸಿನಿಂದ ಅರ್ಧಕ್ಕೆ ಬಂದರು, ಕಾರ್ ಓಡಿಸಲಾಗದೆ ಸಹೋದ್ಯೋಗಿ ಬಿಟ್ಟು ಹೋದರು. ಸುಮಟ್ರಿಪ್ಟಾನ್ ತಗೊಂಡರು, ವಾಂತಿಯಾಯಿತು. ಬುಧವಾರ ಬೆಳಿಗ್ಗೆ 10ರವರೆಗೆ ಕತ್ತಲೆಯಲ್ಲಿ ಮಲಗಿದ್ದರು. ಬುಧವಾರ ರಜೆ.’ ಇಷ್ಟೇ. ಯಾವಾಗ ಶುರು, ಎಷ್ಟು ಹೊತ್ತು, ಮಲಗಿದರಾ, ಬೆಳಕು ಸದ್ದು ತಡೆಯಲಾಗಲಿಲ್ಲವಾ, ಏನು ತಪ್ಪಿತು. ದಾಳಿ ಇಲ್ಲದ ತಿಂಗಳು ಬಂದರೆ ಅದನ್ನೂ ಹಾಗೇ ಬಿಡಿ, ತುಂಬಿಸಬೇಡಿ. ಖಾಲಿ ದಿನಗಳೂ ಇರುವ ಡೈರಿಯನ್ನು ಓದಿದವರು ನಂಬುತ್ತಾರೆ. ಆ ಡೈರಿಯನ್ನು ಡಾಕ್ಟರ್ ಹತ್ತಿರ ಹೋದಾಗಲೆಲ್ಲ ತೋರಿಸಿ, ದಾಖಲೆಯಲ್ಲಿ ಸೇರಿಸಿ ಅಂತ ಕೇಳಿ.

ಇನ್ನೊಂದು, ನಿಮ್ಮದೇ ಹೇಳಿಕೆ. 21-10210 ಅಂತ ಒಂದು ಫಾರ್ಮ್ ಇದೆ, ಕಣ್ಣಾರೆ ಕಂಡವರು ಬರೆದುಕೊಡುವುದಕ್ಕೇ ಇರುವುದು. ಅದರಲ್ಲಿ ‘ನನ್ನ ಗಂಡ ತುಂಬಾ ಕಷ್ಟಪಡುತ್ತಿದ್ದಾರೆ’ ಅಂತ ಬರೆದರೆ ಕೆಲಸಕ್ಕೆ ಬರುವುದಿಲ್ಲ. ‘ಹೋದ ತಿಂಗಳು ನಾಲ್ಕು ಸಲ ಹೀಗಾಯಿತು, ಮಗಳ ಶಾಲೆಯ ಕಾರ್ಯಕ್ರಮಕ್ಕೆ ಒಬ್ಬಳೇ ಹೋದೆ, ನಾನು ಬಾಗಿಲು ತೆಗೆದರೆ ಹಾಲ್‌ನ ಲೈಟ್ ಬೆಳಕಿಗೇ ಮುಖ ಮುಚ್ಚಿಕೊಳ್ಳುತ್ತಾರೆ, ಪಕ್ಕದಲ್ಲಿ ಬಕೆಟ್ ಇಡುತ್ತೇನೆ’ ಅಂತ ಬರೆಯಿರಿ. ನೀವು ಡಾಕ್ಟರ್ ಅಲ್ಲದಿರಬಹುದು, ಆದರೆ ಕಂಡದ್ದನ್ನು ಹೇಳುವುದಕ್ಕೆ ನಿಮಗೆ ಪೂರ್ತಿ ಅಧಿಕಾರ ಇದೆ, ಕಾನೂನು ಅದನ್ನು ಸಾಕ್ಷಿ ಅಂತಲೇ ನೋಡುತ್ತೆ.

ಮುಂದಿನ ದಾರಿ. ತೀರ್ಪಿನ ಪತ್ರದ ಮೇಲಿರುವ ತಾರೀಕಿನಿಂದ ಒಂದು ವರ್ಷದ ಒಳಗೆ ಏನಾದರೂ ಮಾಡಿ, ಆಗ ಗೆದ್ದರೆ ಹಳೆಯ ತಾರೀಕಿನಿಂದಲೇ ಹಣ ಬರುವ ಅವಕಾಶ ಉಳಿಯುತ್ತೆ. ಹೈಯರ್ ಲೆವೆಲ್ ರಿವ್ಯೂ ಅಂತ ಒಂದಿದೆ, ಅದರಲ್ಲಿ ಹಿರಿಯ ಅಧಿಕಾರಿ ಹಳೆಯ ಕಡತವನ್ನೇ ಮತ್ತೆ ನೋಡುತ್ತಾರೆ, ಹೊಸ ಕಾಗದ ಒಂದೂ ಸೇರಿಸುವಂತಿಲ್ಲ. ನಿಮ್ಮಲ್ಲಿ ಕೊರತೆ ಇರುವುದೇ ಕಾಗದದ್ದು, ಹಾಗಾಗಿ ಅದು ನಿಮಗೆ ಬೇಡ. ಡೈರಿ, ನಿಮ್ಮ ಹೇಳಿಕೆ, ಹೊಸ ವೈದ್ಯಕೀಯ ದಾಖಲೆ ಎಲ್ಲ ಸೇರಿಸಿ 20-0995 ಫಾರ್ಮ್‌ನಲ್ಲಿ ಸಪ್ಲಿಮೆಂಟಲ್ ಕ್ಲೇಮ್ ಹಾಕಿ. ಬಾಂಬ್ ಸಿಡಿತದಿಂದ ತಲೆಗೆ ಪೆಟ್ಟಾಗಿರುವ ಬಗ್ಗೆ, ಟಿಬಿಐ ಅಂತಾರಲ್ಲ, ಅದರ ಪರೀಕ್ಷೆ ಆಗಿದೆಯಾ ಅಂತಲೂ ವಿಚಾರಿಸಿ. ಟಿಬಿಐಗೆ ಬೇರೆ ಕೋಡ್ ಇದೆ. ಮೈಗ್ರೇನ್ ಅಂತ ಪ್ರತ್ಯೇಕ ರೋಗನಿರ್ಣಯ ಇದ್ದರೆ ಎರಡಕ್ಕೂ ಬೇರೆ ಬೇರೆ ರೇಟಿಂಗ್ ಸಿಗಬಹುದು. ಒಂದೇ ತೊಂದರೆಯನ್ನು ಎರಡು ಕಡೆ ಎಣಿಸುವಂತಿಲ್ಲ, ಅಷ್ಟೇ.

ಹಣ ಎಷ್ಟು ಅಂತ ನೀವು ಕೇಳಿಲ್ಲ, ಆದರೂ ಹೇಳ್ತೀನಿ. 2025ರ ದರದಲ್ಲಿ ಅವಲಂಬಿತರು ಇಲ್ಲದವರಿಗೆ 10 ಪರ್ಸೆಂಟ್‌ಗೆ ತಿಂಗಳಿಗೆ 175.51 ಡಾಲರ್, 30ಕ್ಕೆ 537.42, 50ಕ್ಕೆ 1,102.04 ಇತ್ತು. 30ರಿಂದ ಮೇಲೆ ಹೆಂಡತಿ ಮಕ್ಕಳ ಲೆಕ್ಕ ಸೇರಿ ಇನ್ನಷ್ಟು ಬರುತ್ತೆ. ತೆರಿಗೆ ಇಲ್ಲ. ಪ್ರತಿ ವರ್ಷ ಬೆಲೆ ಏರಿಕೆ ನೋಡಿ ದರ ಬದಲಾಗುತ್ತೆ.

ಪ್ರಶ್ನೆ: ನೇವಿಯಲ್ಲಿ ಇದ್ದಾಗ ತಲೆನೋವಿಗೆ ಒಂದು ದಿನವೂ ಡಾಕ್ಟರ್ ಹತ್ತಿರ ಹೋಗಿಲ್ಲ. ಎಂಜಿನ್ ರೂಮಿನ ಕೆಲಸ, ಹೋದರೆ ನೆಪ ಹೇಳ್ತಾನೆ ಅಂತಾರೆ ಅನ್ನೋ ಭಯ. ಈಗ ದಾಖಲೆಯೇ ಇಲ್ಲ. ಕಿವಿಯಲ್ಲಿ ಗುಂಯ್ ಅನ್ನೋದಕ್ಕೆ, ಅಂದರೆ ಟಿನ್ನಿಟಸ್‌ಗೆ, 10 ಪರ್ಸೆಂಟ್ ಇದೆ. ಮೈಗ್ರೇನ್ ಕ್ಲೇಮ್ ಹಾಕಿ ಪ್ರಯೋಜನ ಇದೆಯಾ?
— ಓದುಗರು, ವರ್ಜೀನಿಯಾ

ಉತ್ತರ: ಇದೆ ಸರ್. ನಿಮ್ಮ ಹಾಗೆ ಸುಮ್ನೆ ಹಲ್ಲು ಕಚ್ಚಿಕೊಂಡು ಕೆಲಸ ಮಾಡಿದವರು ತುಂಬಾ ಜನ. ಅದು ಇವತ್ತು ಅವರಿಗೇ ಮುಳುವಾಗುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತೆ.

ಮೂರು ಬೇಕು: ಈಗ ಡಾಕ್ಟರ್ ಕೊಟ್ಟ ರೋಗನಿರ್ಣಯ, ಸೇವೆಯಲ್ಲಿದ್ದಾಗ ಆದ ಘಟನೆ ಅಥವಾ ಶುರುವಾದ ಲಕ್ಷಣ, ಮತ್ತು ಎರಡಕ್ಕೂ ನಂಟು ಹೇಳುವ ವೈದ್ಯರ ಅಭಿಪ್ರಾಯ. ಮಧ್ಯದ್ದಕ್ಕೆ ಆಸ್ಪತ್ರೆ ಚೀಟಿಯೇ ಆಗಬೇಕು ಅಂತಿಲ್ಲ. ಹಡಗಿನಲ್ಲಿ ಜೊತೆಗಿದ್ದ ಇಬ್ಬರು ‘ಇವನು ಪಾಳಿ ಮಧ್ಯದಲ್ಲೇ ತಲೆ ಹಿಡಿದುಕೊಂಡು ಮಲಗುತ್ತಿದ್ದ, ನಾವೇ ಅವನ ಪಾಳಿ ನೋಡಿಕೊಂಡಿದ್ದೆವು’ ಅಂತ ಬರೆದುಕೊಟ್ಟರೆ ಅದಕ್ಕೆ ತೂಕ ಇದೆ. ಆಗ ಮನೆಗೆ ಬರೆದ ಪತ್ರ, ಇಮೇಲ್ ಏನಾದರೂ ಸಿಕ್ಕರೆ ಅದೂ ಆಗುತ್ತೆ. ಸೇವೆ ಬಿಟ್ಟ ಒಂದು ವರ್ಷದ ಒಳಗೆ ಹೊರಗಿನ ಡಾಕ್ಟರ್ ಯಾರಾದರೂ ಮೈಗ್ರೇನ್ ಅಂತ ಬರೆದಿದ್ದರೆ ಅದನ್ನು ಮೊದಲು ಹುಡುಕಿ. ಮೈಗ್ರೇನ್ ನರಮಂಡಲದ ದೀರ್ಘಕಾಲದ ಕಾಯಿಲೆ, ಆ ಒಂದು ವರ್ಷದಲ್ಲಿ ಕನಿಷ್ಠ 10 ಪರ್ಸೆಂಟ್‌ನಷ್ಟು ಕಾಣಿಸಿಕೊಂಡಿದ್ದರೆ ಸೇವೆಯಿಂದ ಬಂದದ್ದು ಅಂತಲೇ ಎಣಿಸಲು ನಿಯಮದಲ್ಲಿ ದಾರಿ ಇದೆ.

ಎರಡನೇ ದಾರಿ ನಿಮಗೆ ಇನ್ನೂ ಹತ್ತಿರದ್ದು. ಈಗಾಗಲೇ ಒಪ್ಪಿರುವ ಕಾಯಿಲೆಯಿಂದ ಇನ್ನೊಂದು ಕಾಯಿಲೆ ಹುಟ್ಟಿದರೆ ಅಥವಾ ಜಾಸ್ತಿಯಾದರೆ ಅದನ್ನೂ ಕ್ಲೇಮ್ ಮಾಡಬಹುದು, ಸೆಕೆಂಡರಿ ಅಂತ. ಟಿನ್ನಿಟಸ್, ಕುತ್ತಿಗೆ ನೋವು, ಆಘಾತದ ನಂತರ ಮನಸ್ಸಿಗೆ ಉಳಿಯುವ ಕಾಯಿಲೆಯಾದ ಪಿಟಿಎಸ್‌ಡಿ ಇವುಗಳ ಹಿಂದೆ ಮೈಗ್ರೇನ್ ಸೇರಿಸುವುದು ಸಾಮಾನ್ಯ. ಆದರೆ ಇಲ್ಲಿ ವೈದ್ಯರ ಪತ್ರ ಗಟ್ಟಿಯಾಗಿರಬೇಕು. ‘ಸಂಬಂಧ ಇರಬಹುದು’ ಅಂದರೆ ಸಾಲದು. ‘ಇರುವ ಸಾಧ್ಯತೆ ಕನಿಷ್ಠ ಅರ್ಧಕ್ಕರ್ಧ’ ಅನ್ನುವ ಅರ್ಥ ಬರಬೇಕು, ಯಾಕೆ ಅಂತ ಕಾರಣವನ್ನೂ ವಿವರಿಸಿರಬೇಕು. ಸಾಕ್ಷಿ ಎರಡೂ ಕಡೆ ಸಮ ಇದ್ದರೆ ಅನುಮಾನದ ಲಾಭ ಸೈನಿಕನಿಗೇ ಹೋಗಬೇಕು ಅಂತ ಕಾನೂನಿದೆ. ನೀವು ಪೂರ್ತಿ ಸಾಬೀತು ಮಾಡಬೇಕಿಲ್ಲ, ಅರ್ಧದವರೆಗೆ ತಂದರೆ ಆಯಿತು.

ದಾಖಲೆ ಎಲ್ಲ ಜೋಡಿಸುವವರೆಗೂ ಕಾಯಬೇಡಿ. ಇವತ್ತೇ ‘ಇಂಟೆಂಟ್ ಟು ಫೈಲ್’, ಅಂದರೆ ಕ್ಲೇಮ್ ಹಾಕುವವನಿದ್ದೇನೆ ಅಂತ ವಿಎಗೆ ಮೊದಲೇ ತಿಳಿಸುವುದು, ಕೊಟ್ಟುಬಿಡಿ. ಆ ತಾರೀಕು ಒಂದು ವರ್ಷ ನಿಮ್ಮ ಹೆಸರಿನಲ್ಲಿ ನಿಲ್ಲುತ್ತೆ. ಅಷ್ಟರೊಳಗೆ 21-526EZ ಅರ್ಜಿ ಹಾಕಿ ಗೆದ್ದರೆ ಹಣದ ಲೆಕ್ಕ ಅಲ್ಲಿಂದ ಶುರುವಾಗಬಹುದು.

(ಗಲ್ಫ್ ಕಡೆ ಇದ್ದವರಿಗೆ ಒಂದು ಮಾತು. 1990ರ ಆಗಸ್ಟ್ 2ರಿಂದ ಈಚೆಗೆ ಇರಾಕ್, ಕುವೈತ್, ಸೌದಿ ಭಾಗದಲ್ಲಿ ಸೇವೆ ಮಾಡಿ, ಏನು ಅಂತ ಡಾಕ್ಟರ್‌ಗೂ ಹೇಳಲಾಗದ ತಲೆನೋವು ಉಳಿದುಕೊಂಡಿದ್ದರೆ ಅದಕ್ಕೆ ಬೇರೆಯೇ ನಿಯಮ ಇದೆ, ವಿಚಾರಿಸಿ.)

ಪ್ರಶ್ನೆ: ಮುಂದಿನ ವಾರ ಕ್ಲೇಮ್ ಸಲುವಾಗಿ ವಿಎ ಮಾಡಿಸುವ ವೈದ್ಯಕೀಯ ಪರೀಕ್ಷೆ ಇದೆ, ಸಿ ಅಂಡ್ ಪಿ ಅಂತಾರಲ್ಲ, ಅದು. ಆ ದಿನ ತಲೆನೋವೇ ಇಲ್ಲದಿದ್ದರೆ? ನಟಿಸೋದು ನನಗೆ ಬರಲ್ಲ, ಬೇಡ ಕೂಡ.
— ಓದುಗರು, ನ್ಯೂಜೆರ್ಸಿ

ಉತ್ತರ: ನಟಿಸಲೇಬೇಡಿ. ಅದು ಬೇಕಾಗೂ ಇಲ್ಲ. ಮೈಗ್ರೇನ್ ಬಂದು ಹೋಗುವ ಕಾಯಿಲೆ ಅಂತ ಪರೀಕ್ಷಕರಿಗೆ ಗೊತ್ತು. ಅವರು ಒಂದು ಫಾರ್ಮ್ ತುಂಬುತ್ತಾರೆ, ಅದರ ಪ್ರಶ್ನೆಗಳು ಗುಟ್ಟೇನೂ ಅಲ್ಲ: ನೋವು ಒಂದೇ ಕಡೆಯೋ ಎರಡೂ ಕಡೆಯೋ, ಮಿಡಿಯುವ ನೋವೋ, ವಾಕರಿಕೆ ವಾಂತಿ ಇದೆಯೋ, ಬೆಳಕು ಸದ್ದು ಆಗದೋ, ಒಂದು ದಿನದ ಒಳಗೆ ಹೋಗುತ್ತೋ ಎರಡು ದಿನಕ್ಕಿಂತ ಜಾಸ್ತಿ ಇರುತ್ತೋ, ಹಾಸಿಗೆ ಹಿಡಿಸುವ ದಾಳಿ ಎಷ್ಟು ತಿಂಗಳಿಗೊಂದು, ಕೆಲಸಕ್ಕೆ ಏನು ತೊಂದರೆ. ಇಷ್ಟಕ್ಕೂ ಉತ್ತರ ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ, ಡೈರಿಯ ಪ್ರತಿಯನ್ನೂ ಇಟ್ಟುಕೊಳ್ಳಿ.

ಒಂದು ಕಡೆ ಎಚ್ಚರ ಇರಲಿ. ನಮ್ಮವರಿಗೆ ‘ಹೇಗಿದ್ದೀರಿ’ ಅಂದ ತಕ್ಷಣ ‘ಚೆನ್ನಾಗಿದ್ದೀನಿ, ಪರವಾಗಿಲ್ಲ’ ಅನ್ನುವ ಅಭ್ಯಾಸ. ಸೈನ್ಯದಲ್ಲಿ ಇದ್ದವರಿಗಂತೂ ಇನ್ನೂ ಜಾಸ್ತಿ. ಆ ಮಾತು ನೇರ ವರದಿಗೆ ಹೋಗಿಬಿಡಬಹುದು. ‘ಇವತ್ತು ನೋವಿಲ್ಲ, ಹೋದ ಗುರುವಾರ ಇತ್ತು, ಆವತ್ತು ಹದಿನೆಂಟು ಗಂಟೆ ಮಲಗಿದ್ದೆ’ ಅನ್ನಿ. ಸತ್ಯವೂ ಹೌದು, ಪೂರ್ತಿಯೂ ಹೌದು. ‘ಮೈಗ್ರೇನ್ ಬಂದರೂ ಹೇಗೋ ಸುಧಾರಿಸಿಕೊಳ್ತೀನಿ’ ಅನ್ನುವ ಬದಲು ಆ ಸುಧಾರಿಸಿಕೊಳ್ಳೋದು ಅಂದರೆ ಏನು ಮಾಡ್ತೀರಿ ಅಂತ ಹೇಳಿ. ಮನೆಯವರು ಮಕ್ಕಳನ್ನು ಹೊರಗೆ ಕರೆದುಕೊಂಡು ಹೋಗ್ತಾರಾ? ಟೀವಿ ಆಫ್ ಮಾಡ್ತಾರಾ? ಊಟ ಬಿಡ್ತೀರಾ? ಅದೆಲ್ಲ ಹೇಳಬೇಕಾದದ್ದೇ. ಪರೀಕ್ಷೆಯನ್ನು ಮಾತ್ರ ತಪ್ಪಿಸಬೇಡಿ. ಆವತ್ತೇ ದಾಳಿ ಬಂದು ಏಳಲಾಗದಿದ್ದರೆ ಮೊದಲೇ ಫೋನ್ ಮಾಡಿ ಬೇರೆ ದಿನ ಕೇಳಿ, ಹೇಳದೆ ಹೋಗದೇ ಇದ್ದರೆ ಕ್ಲೇಮ್‌ಗೆ ಪೆಟ್ಟು.

ಪ್ರಶ್ನೆ: ನನಗೆ ಕೆಲಸ ಇದೆ, ಸಂಬಳವೂ ಚೆನ್ನಾಗಿದೆ. ಕೆಲಸ ಇದ್ದವರಿಗೆ 50 ಪರ್ಸೆಂಟ್ ಸಿಗಲ್ಲ ಅಂತ ಒಬ್ಬರು ಹೇಳಿದರು. ನಿಜವಾ?
— ಓದುಗರು, ಕ್ಯಾಲಿಫೋರ್ನಿಯಾ

ಉತ್ತರ: ನಿಜ ಅಲ್ಲ. 2004ರಲ್ಲಿ ಪಿಯರ್ಸ್ ಅನ್ನುವ ಪ್ರಕರಣದಲ್ಲಿ ಮಾಜಿ ಸೈನಿಕರ ಮೇಲ್ಮನವಿ ಕೋರ್ಟ್ ಇದನ್ನು ಬಿಡಿಸಿ ಹೇಳಿದೆ. 50ಕ್ಕೆ ಬೇಕಿರುವ ‘ದುಡಿಮೆಗೆ ಗಂಭೀರ ಪೆಟ್ಟು’ ಅಂದರೆ ಕೆಲಸವೇ ಇಲ್ಲದೆ ಕೂರಬೇಕು ಅಂತಲ್ಲ. ದಾಳಿಗಳು ಅಂಥ ಪೆಟ್ಟು ಕೊಡುವಷ್ಟು ಶಕ್ತವಾಗಿದ್ದರೂ ಸಾಕು. ಪೂರ್ತಿ ದುಡಿಯಲಾಗದವರಿಗೆ ಬೇರೆಯೇ ವ್ಯವಸ್ಥೆ ಇದೆ, ಟಿಡಿಐಯು ಅಂತ, ಅದರ ಅಳತೆ ಬೇರೆ.

ನಿಮ್ಮಂಥವರಿಗೆ ಸಾಕ್ಷಿ ಆಫೀಸಿನಲ್ಲೇ ಇರುತ್ತೆ. ಖಾಲಿಯಾದ ಸಿಕ್ ಲೀವ್ ಲೆಕ್ಕ, ಎಫ್ಎಂಎಲ್ಎ ರಜೆಯ (ಕಾಯಿಲೆಗೆ ಕಾನೂನಿನಡಿ ಸಿಗುವ ಸಂಬಳವಿಲ್ಲದ ರಜೆ) ಕಾಗದ, ಬೆಳಕು ಕಡಿಮೆ ಇರುವ ಮೂಲೆಯ ಮೇಜು ಕೊಟ್ಟಿದ್ದರೆ ಅದರ ಇಮೇಲ್, ಕೈತಪ್ಪಿದ ಬಡ್ತಿ. ಮ್ಯಾನೇಜರ್ ‘ಇವರು ತಿಂಗಳಿಗೆ ಇಷ್ಟು ದಿನ ಅರ್ಧಕ್ಕೆ ಎದ್ದು ಹೋಗುತ್ತಾರೆ’ ಅಂತ ಎರಡು ಸಾಲು ಬರೆದುಕೊಟ್ಟರೆ ತುಂಬಾ ಒಳ್ಳೆಯದು. ಮನೆಯಿಂದ ಕೆಲಸ ಮಾಡುವವರು ಇಲ್ಲಿ ಎಡವುತ್ತಾರೆ. ಮಧ್ಯಾಹ್ನ ಮಲಗಿ ರಾತ್ರಿ ಕೂತು ಕೆಲಸ ಮುಗಿಸಿರುತ್ತಾರೆ, ರಜೆ ಲೆಕ್ಕದಲ್ಲಿ ಏನೂ ಕಾಣುವುದಿಲ್ಲ. ಆ ರಾತ್ರಿಗಳನ್ನೂ ಡೈರಿಯಲ್ಲಿ ಬರೆಯಿರಿ.

ಪ್ರಶ್ನೆ: ಹೊಸ ಔಷಧಿಯಿಂದ ಸ್ವಲ್ಪ ಕಡಿಮೆ ಆಗಿದೆ. ಪರೀಕ್ಷೆ ಮುಗಿಯುವವರೆಗೆ ಔಷಧಿ ನಿಲ್ಲಿಸಿ ಅಂತ ಗೆಳೆಯರು ಹೇಳ್ತಾರೆ.
— ಓದುಗರು, ಇಲಿನಾಯ್

ಉತ್ತರ: ದಯವಿಟ್ಟು ಆ ಮಾತು ಕೇಳಬೇಡಿ. ಎಷ್ಟೋ ವರ್ಷ ಒದ್ದಾಡಿ ಈಗ ಸ್ವಲ್ಪ ಉಸಿರಾಡುವಂತಾಗಿದೆ. ಅದನ್ನು ಯಾವ ರೇಟಿಂಗ್‌ಗೂ ಬಿಟ್ಟುಕೊಡಬೇಡಿ. ಪ್ರೊಪ್ರನಾಲಾಲ್‌ನಂಥ ಕೆಲವು ಔಷಧಿಗಳನ್ನು ಹಠಾತ್ತಾಗಿ ಬಿಡುವುದು ಹೃದಯಕ್ಕೇ ಅಪಾಯ. ಯಾವ ಔಷಧಿ, ಎಷ್ಟು ಡೋಸ್, ಅದರಿಂದ ಏನು ತೊಂದರೆ (ಟೋಪಿರಮೇಟ್ ತಗೊಂಡವರಿಗೆ ಮಾತು ನೆನಪಾಗದೆ ತಡವರಿಸುವುದು ಗೊತ್ತಿರುತ್ತೆ), ಔಷಧಿ ತಗೊಂಡೂ ಎಷ್ಟು ದಾಳಿ ಬರುತ್ತೆ, ಇದನ್ನೇ ಪರೀಕ್ಷಕರಿಗೆ ಹೇಳಿ.

ಇನ್ನೊಂದು ಕಡೆಯನ್ನೂ ನೋಡಿಕೊಳ್ಳಿ. ಮಾಮೂಲಿ ನೋವಿನ ಮಾತ್ರೆ ತಿಂಗಳಿಗೆ 15 ದಿನ ಅಥವಾ ಜಾಸ್ತಿ, ಮೈಗ್ರೇನ್‌ಗೆ ಅಂತಲೇ ಇರುವ ಟ್ರಿಪ್ಟಾನ್ ಮಾತ್ರೆ 10 ದಿನ ಅಥವಾ ಜಾಸ್ತಿ, ಹೀಗೆ ಮೂರು ತಿಂಗಳು ದಾಟಿದರೆ ಆ ಮಾತ್ರೆಯೇ ತಲೆನೋವು ತರಲು ಶುರು ಮಾಡಬಹುದು. ಹಾಗೆ ಅನ್ನಿಸಿದರೆ ನ್ಯೂರಾಲಜಿಸ್ಟ್ ಹತ್ತಿರ ಹೋಗಿ.

ಪ್ರಶ್ನೆ: ಒಂದು ಕಂಪನಿಯವರು 50 ಪರ್ಸೆಂಟ್ ಗ್ಯಾರಂಟಿ ಕೊಡಿಸ್ತೀವಿ, ಹೆಚ್ಚಾದ ಹಣದಲ್ಲಿ ಆರು ತಿಂಗಳದ್ದು ನಮಗೆ ಕೊಡಿ ಅಂತಿದ್ದಾರೆ.
— ಓದುಗರು, ಜಾರ್ಜಿಯಾ

ಉತ್ತರ: ಬೇಡ. ಗ್ಯಾರಂಟಿ ಕೊಡುವ ಅಧಿಕಾರ ವಿಎ ಬಿಟ್ಟು ಯಾರಿಗೂ ಇಲ್ಲ. ಮೊದಲ ಸಲದ ಕ್ಲೇಮ್ ತಯಾರಿಸಿಕೊಡಲು ಫೀಸ್ ತಗೊಳ್ಳುವಂತೆಯೇ ಇಲ್ಲ. ಮಾನ್ಯತೆ ಇರುವ ವಕೀಲರೂ ಏಜೆಂಟರೂ ವಿಎ ಮೊದಲ ತೀರ್ಪು ಕೊಟ್ಟ ಮೇಲೆ ಮಾತ್ರ ಫೀಸ್ ಕೇಳಬಹುದು. ಡಿಎವಿ, ವಿಎಫ್‌ಡಬ್ಲ್ಯೂ, ಅಮೆರಿಕನ್ ಲೀಜನ್ ಇಂಥ ಮಾಜಿ ಸೈನಿಕರ ಸಂಘಗಳ ಸರ್ವಿಸ್ ಆಫೀಸರ್‌ಗಳು ಇದೇ ಕೆಲಸವನ್ನು ಪುಕ್ಕಟೆ ಮಾಡಿಕೊಡುತ್ತಾರೆ. ಹಲವು ಕೌಂಟಿ ಕಚೇರಿಗಳಲ್ಲೂ ಇಂಥವರು ಸಿಗುತ್ತಾರೆ. ಯಾರೇ ಆಗಲಿ, ಮಾನ್ಯತೆ ಇದೆಯಾ ಅಂತ ವಿಎ ವೆಬ್‌ಸೈಟಿನಲ್ಲಿ ಹೆಸರು ಹುಡುಕಿ ನೋಡಿ. ನಿಮ್ಮ ಲಾಗಿನ್ ಪಾಸ್‌ವರ್ಡ್ ಯಾರಿಗೂ ಕೊಡಬೇಡಿ. ಈಗಾಗಲೇ ಕೊಟ್ಟಿದ್ದರೆ ಇವತ್ತೇ ಬದಲಾಯಿಸಿ.

ಪ್ರಶ್ನೆ: ನನಗೆ ಪಿಟಿಎಸ್‌ಡಿಗೆ 70 ಇದೆ. ಮೈಗ್ರೇನ್‌ಗೆ 50 ಬಂದರೆ 120 ಆಗುತ್ತಾ? ಹೊಸ ಕ್ಲೇಮ್ ಹಾಕಿದರೆ ಇರುವ 70ನ್ನೂ ಕಡಿಮೆ ಮಾಡಿಬಿಡ್ತಾರೆ ಅಂತ ಹೆದರಿಕೆ.
— ಓದುಗರು, ಫ್ಲಾರಿಡಾ

ಉತ್ತರ: ಕೂಡಿಸುವ ಲೆಕ್ಕ ಅಲ್ಲ ಅದು. 100ರಲ್ಲಿ 70 ಹೋಯಿತು, ಉಳಿದದ್ದು 30. ಮೈಗ್ರೇನ್‌ನ 50 ಪರ್ಸೆಂಟ್ ಹಚ್ಚುವುದು ಆ 30ರ ಮೇಲೆ, ಅಂದರೆ 15. ಒಟ್ಟು 85, ಹತ್ತಿರದ ಹತ್ತಕ್ಕೆ ಏರಿಸಿದರೆ 90. 30 ಬಂದರೆ 79, ಅದು 80 ಆಗುತ್ತೆ.

ಕಡಿಮೆ ಮಾಡುವ ಭಯ ಪೂರ್ತಿ ಸುಳ್ಳಲ್ಲ. ಕಡತ ತೆರೆದಾಗ ವಿಎ ಹಳೆಯದನ್ನೂ ಮತ್ತೆ ಪರೀಕ್ಷಿಸಬಹುದು. ಆದರೆ ಐದು ವರ್ಷದಿಂದ ಹಾಗೇ ಇರುವ ರೇಟಿಂಗ್ ಇಳಿಸಬೇಕಾದರೆ ಕಾಯಿಲೆ ನಿಜವಾಗಿಯೂ ಸುಧಾರಿಸಿದೆ, ಆ ಸುಧಾರಣೆ ನಿಲ್ಲುವಂಥದ್ದು ಅಂತ ಅವರು ತೋರಿಸಬೇಕು. ಸತತ 20 ವರ್ಷ ಇದ್ದ ಮಟ್ಟವನ್ನು ಮೋಸ ಇಲ್ಲದ ಹೊರತು ಇಳಿಸುವಂತಿಲ್ಲ. ಇಳಿಸುವ ಮೊದಲು ಪತ್ರ ಕಳಿಸಿ ಉತ್ತರಕ್ಕೆ ಸಮಯವನ್ನೂ ಕೊಡಬೇಕು. ನಿಮ್ಮ 70 ಎಷ್ಟು ವರ್ಷದ್ದು ಅಂತ ಬರೆದಿಲ್ಲ. ಎರಡು ಮೂರು ವರ್ಷದ್ದಾಗಿದ್ದು, ಈಚೆಗೆ ಕೌನ್ಸೆಲಿಂಗ್‌ಗೂ ಹೋಗುತ್ತಿಲ್ಲ ಅಂತಾದರೆ ಮೊದಲು ಆ ಚಿಕಿತ್ಸೆಗೆ ಮತ್ತೆ ಹೋಗಲು ಶುರು ಮಾಡಿ. ಕ್ಲೇಮ್‌ಗಿಂತ ನಿಮಗೇ ಅದು ಬೇಕು. ಸರ್ವಿಸ್ ಆಫೀಸರ್ ಒಬ್ಬರನ್ನು ಕಂಡು ಕಡತ ಒಮ್ಮೆ ಓದಿಸಿ, ಆಮೇಲೆ ಮೈಗ್ರೇನ್ ಅರ್ಜಿ ಹಾಕಿ. ಇಂಟೆಂಟ್ ಟು ಫೈಲ್ ಈ ವಾರವೇ ಕೊಟ್ಟಿಟ್ಟರೆ ಇದಕ್ಕೆಲ್ಲ ಒಂದು ವರ್ಷ ಸಮಯ ಇರುತ್ತೆ.